ಸೂರಿನಲ್ಲಿ ಐಸ್ ಡ್ಯಾಮ್: ದೋಷ ಹುಡುಕಬೇಕಾದದ್ದು ಅಟ್ಟದಲ್ಲಿ

ಹಿಮ ಬಿದ್ದು ಕೆಲವು ದಿನಗಳಾಗಿವೆ. ಹೊರಗೆ ಮೈನಸ್ 10 ಡಿಗ್ರಿ ಚಳಿ, ಮಳೆಯ ಸುಳಿವೇ ಇಲ್ಲ. ಆದರೂ ಹೊರಗೋಡೆಯ ಪಕ್ಕದ ಸೀಲಿಂಗ್ ಮೇಲೆ ಕಂದು ಕಲೆಯೊಂದು ಹರಡುತ್ತಿದೆ. ಕಿಟಕಿ ಚೌಕಟ್ಟಿನ ಮೇಲಂಚಿನಿಂದ ನೀರು ತೊಟ್ಟಿಕ್ಕುತ್ತಿದೆ. ಹೊರಗೆ ಹೋಗಿ ತಲೆಯೆತ್ತಿ ನೋಡಿದರೆ ಸೂರಿನುದ್ದಕ್ಕೂ ದಪ್ಪನೆಯ ಐಸ್, ಅದರಿಂದ ಇಳಿಬಿದ್ದ ಉದ್ದುದ್ದ ಐಸ್ ಕೋಲುಗಳು. ಐಸ್ ಡ್ಯಾಮ್ ಅನ್ನುವುದು ಇದನ್ನೇ.

ಇಂಥ ಹೊತ್ತಲ್ಲಿ ಕೆಲವರು ಐಸ್ ಒಡೆಯಲು ಏಣಿ ಹತ್ತುತ್ತಾರೆ. ಕೆಲವರು ಛಾವಣಿ ಹಳೆಯದಾಯಿತು ಅಂದುಕೊಂಡು ಹೊಸ ಶಿಂಗಲ್ (ಛಾವಣಿಗೆ ಹೊದಿಸುವ ಡಾಂಬರಿನ ತೆಳು ಬಿಲ್ಲೆಗಳು) ಹಾಕಿಸಲು ಹೊರಡುತ್ತಾರೆ. ಎರಡರಿಂದಲೂ ರೋಗ ವಾಸಿಯಾಗುವುದಿಲ್ಲ. ಹೊಸ ಶಿಂಗಲ್ ಹಾಕಿಸಿದ ಮೇಲೂ ಮುಂದಿನ ಚಳಿಗಾಲ ಅದೇ ಜಾಗದಲ್ಲಿ ಅದೇ ಐಸ್ ಕಟ್ಟುತ್ತದೆ. ಐಸ್ ಕಾಣುವ ಜಾಗ ಬೇರೆ, ದೋಷ ಇರುವ ಜಾಗ ಬೇರೆ. ಮನೆಯೊಳಗಿನ ಬಿಸಿ ಗಾಳಿ ಸೀಲಿಂಗ್‌ನ ಸಂದುಗೊಂದುಗಳಿಂದ ಅಟ್ಟಕ್ಕೆ ನುಗ್ಗುತ್ತಿದೆ. ಆ ಸಂದುಗಳನ್ನು ಹುಡುಕಿ ಮುಚ್ಚುವುದೇ ಇಲ್ಲಿನ ಮುಖ್ಯ ಕೆಲಸ. ಬಿಸಿ ತಡೆಯುವ ಹೊದಿಕೆ (ಇನ್ಸುಲೇಶನ್), ಗಾಳಿಯಾಡುವ ಕಿಂಡಿ (ವೆಂಟ್), ಸೂರು ಬಿಸಿ ಮಾಡುವ ಹೀಟ್ ಕೇಬಲ್ ಎಲ್ಲ ಅದರ ನಂತರ.

ಐಸ್ ಕಟ್ಟುವುದು ಹೇಗೆ

ಅಟ್ಟ ಬೆಚ್ಚಗಾದರೆ ಛಾವಣಿಯ ಹಲಗೆಯೂ ಬೆಚ್ಚಗಾಗುತ್ತದೆ. ಹಲಗೆ 0 ಡಿಗ್ರಿ ದಾಟಿದರೆ ಅದರ ಮೇಲಿನ ಹಿಮ ಅಡಿಯಿಂದ ಕರಗಲು ಶುರುವಾಗುತ್ತದೆ. ನೀರು ಹಿಮದ ಕೆಳಗೇ ಇಳಿಜಾರು ಹಿಡಿದು ಹರಿಯುತ್ತದೆ, ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಸೂರು ಹೊರಗೋಡೆ ದಾಟಿ ಚಾಚಿಕೊಂಡ ಭಾಗ ಅಲ್ವಾ? ಅದರ ಕೆಳಗೆ ಬೆಚ್ಚಗಿನ ಕೋಣೆ ಇಲ್ಲ, ಬರೀ ಹೊರಗಿನ ಗಾಳಿ. ಅಲ್ಲಿಗೆ ಬಂದ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಪದರದ ಮೇಲೆ ಪದರ ಸೇರಿ ಒಡ್ಡು ಎದ್ದು, ಅದರ ಹಿಂದೆ ನೀರು ನಿಲ್ಲುತ್ತದೆ.

ಶಿಂಗಲ್ ಇರುವುದು ಹರಿದು ಹೋಗುವ ನೀರನ್ನು ಜಾರಿಸುವುದಕ್ಕೆ. ನಿಂತ ನೀರನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ನಿಂತ ನೀರು ಶಿಂಗಲ್‌ಗಳ ಅಡಿಯಲ್ಲಿ ಮೇಲ್ಮುಖವಾಗಿ ನುಸುಳುತ್ತದೆ. ಮೊಳೆಯ ತೂತೋ ಹಲಗೆಯ ಸಂದೋ ಸಿಕ್ಕಿದರೆ ಸಾಕು, ಒಳಗಿಳಿಯುತ್ತದೆ.

ಅಂದರೆ ಮೂರು ಕೂಡಿ ಬರಬೇಕು: ಛಾವಣಿ ಮೇಲೆ ಹಿಮ, ಹೊರಗೆ ಹೆಪ್ಪುಗಟ್ಟಿಸುವ ಚಳಿ, ಛಾವಣಿಯ ಮೇಲ್ಭಾಗದಲ್ಲಿ ಬಿಸಿ. ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಅಮೆರಿಕ ಸೇನೆಯ ಶೀತಪ್ರದೇಶ ಸಂಶೋಧನಾ ಪ್ರಯೋಗಾಲಯದ ಎಂಜಿನಿಯರುಗಳು 1990ರ ದಶಕದಲ್ಲಿ ಕಟ್ಟಡಗಳ ಅಟ್ಟದ ಉಷ್ಣತೆ ಅಳೆದು ಒಂದು ಲೆಕ್ಕ ಕೊಟ್ಟರು. ಹೊರಗೆ ಮೈನಸ್ 5.5 ಡಿಗ್ರಿ ಇರುವಾಗ ಅಟ್ಟ ಮೈನಸ್ 1 ಡಿಗ್ರಿಗಿಂತ ಬೆಚ್ಚಗಾಗದಂತೆ ನೋಡಿಕೊಂಡರೆ ಸೂರಿನಲ್ಲಿ ತೊಂದರೆ ಕೊಡುವಷ್ಟು ಐಸ್ ಕಟ್ಟುವುದಿಲ್ಲ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ರಿಪೇರಿ ಆದಮೇಲೆ ಪರೀಕ್ಷೆಗೆ ಬೇಕಾಗುತ್ತವೆ.

ಇಷ್ಟು ವರ್ಷ ಇಲ್ಲದ ತೊಂದರೆ ಈ ವರ್ಷ ಯಾಕೆ ಬಂತು ಅಂತ ಕೇಳುವವರಿದ್ದಾರೆ. ಹಿಮವೂ ಕಂಬಳಿಯಂತೆ ಬಿಸಿಯನ್ನು ಹಿಡಿದಿಡುತ್ತದೆ. ತೆಳ್ಳಗೆ ಬಿದ್ದಾಗ ಅಟ್ಟದ ಬಿಸಿ ಅದನ್ನು ದಾಟಿ ಹೊರಗೆ ಹೋಗಿಬಿಡುತ್ತದೆ, ಹಲಗೆ ತಣ್ಣಗೇ ಇರುತ್ತದೆ. ಒಂದು ಅಡಿ ಹೊಸ ಹಿಮ ಕೂತರೆ ಬಿಸಿ ಅದರಡಿ ಸಿಕ್ಕಿಕೊಂಡು ಹಲಗೆ 0 ಡಿಗ್ರಿ ದಾಟುತ್ತದೆ. ಮನೆಯ ದೋಷ ಮೊದಲಿನಿಂದಲೂ ಇತ್ತು, ಈ ವರ್ಷದ ದಪ್ಪ ಹಿಮ ಅದನ್ನು ತೋರಿಸಿಕೊಟ್ಟಿತು ಅಷ್ಟೇ.

ಇನ್ನೊಂದು ಲೆಕ್ಕ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಶಾಖ ಬೇಕು. ಹತ್ತು ಲೀಟರಿನ ಒಂದು ಬಕೆಟ್ ನೀರು ಕರಗಿ ಸೂರಿಗೆ ಬಂತು ಅಂದರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಮನೆಯಿಂದ ಸೋರಿಹೋಗಿದೆ ಅಂತ ಅರ್ಥ. ಸೂರಿನ ಐಸ್ ಮೇಲೆ ಬಿಸಿನೀರು ಸುರಿದರೆ ಯಾಕೆ ಪ್ರಯೋಜನವಿಲ್ಲ ಅನ್ನುವುದಕ್ಕೂ ಇದೇ ಉತ್ತರ. 80 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಒಂದು ಕಿಲೋ ಐಸ್ ಕರಗಿಸೀತು. ಆಮೇಲೆ ಎರಡೂ ಸೇರಿ ಕೆಳಗೆಲ್ಲೋ ಮತ್ತೆ ಐಸ್ ಆಗುತ್ತವೆ.

ಈಗ ಸೋರುತ್ತಿದ್ದರೆ

ಕಾರಣ ಹುಡುಕುವ ಮೊದಲು ಸೋರಿಕೆ ತಡೆಯಬೇಕು. ಸೀಲಿಂಗ್‌ನ ದೀಪದ ಸುತ್ತ ನೀರು ಕಂಡರೆ ಮೊದಲು ಆ ಸರ್ಕ್ಯೂಟ್‌ನ ಬ್ರೇಕರ್ ಆಫ್ ಮಾಡಿ. ಜಿಪ್ಸಮ್ ಸೀಲಿಂಗ್ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ ಕೆಳಗೆ ಬಕೆಟ್ ಇಟ್ಟು, ಒಂದು ಬದಿಗೆ ಸರಿದು ನಿಂತು, ಉಬ್ಬಿನ ನಡುವೆ ಸ್ಕ್ರೂಡ್ರೈವರ್‌ನಿಂದ ಸಣ್ಣ ತೂತು ಮಾಡಿ. ನೀರು ಅಲ್ಲಿಂದಲೇ ಇಳಿದುಹೋಗಲಿ. ಹಾಗೇ ಬಿಟ್ಟರೆ ಇಡೀ ಹಲಗೆ ಕುಸಿದು ಬೀಳಬಹುದು.

ಅಟ್ಟಕ್ಕೆ ಹೋಗಲು ಆಗುವಂತಿದ್ದರೆ ನೀರು ಒಳಬರುವ ಜಾಗಕ್ಕೆ ಒಂದು ಟೇಬಲ್ ಫ್ಯಾನ್ ತಿರುಗಿಸಿಡಿ. ಅಟ್ಟದ ತಣ್ಣನೆ ಗಾಳಿ ಹಲಗೆಯ ಒಳಬದಿಗೆ ಬಡಿದಾಗ ನೀರು ಅಲ್ಲೇ ಹೆಪ್ಪುಗಟ್ಟಿ ಸೋರಿಕೆ ನಿಲ್ಲುವುದುಂಟು. ಇದು ತಾತ್ಕಾಲಿಕ ಉಪಾಯ, ಆದರೆ ರಾತ್ರಿ ಕಳೆಯಲು ಸಾಕು.

ಹೊರಗಡೆ, ಉದ್ದ ಕೋಲಿನ ಹಿಮ ಎಳೆಯುವ ಸಲಕರಣೆ ಸಿಗುತ್ತದೆ, ರೂಫ್ ರೇಕ್ ಅನ್ನುತ್ತಾರೆ. ನೆಲದ ಮೇಲೆ ನಿಂತೇ ಸೂರಿನಿಂದ ಮೇಲಕ್ಕೆ ಮೂರು ನಾಲ್ಕು ಅಡಿಯಷ್ಟು ಹಿಮವನ್ನು ಕೆಳಗೆ ಎಳೆದು ಹಾಕಿ. ಶಿಂಗಲ್‌ಗೆ ತಾಗುವಷ್ಟು ಕೆರೆಯಬೇಡಿ, ಒಂದೆರಡು ಇಂಚು ಹಿಮ ಉಳಿದರೂ ತೊಂದರೆಯಿಲ್ಲ. ಎಳೆದ ಹಿಮ ನಿಮ್ಮ ತಲೆಯ ಮೇಲೇ ಬೀಳದಂತೆ ಪಕ್ಕಕ್ಕೆ ನಿಲ್ಲಿ. ಕೋಲು ಅಲ್ಯೂಮಿನಿಯಮ್ಮಿನದು, ಹತ್ತಿರ ವಿದ್ಯುತ್ ತಂತಿ ಇದ್ದರೆ ಆ ಬದಿಯ ಕೆಲಸ ಬಿಟ್ಟುಬಿಡಿ.

ಈಗಾಗಲೇ ಗಟ್ಟಿಯಾದ ಐಸ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಉಪಯೋಗಕ್ಕೆ ಬರುತ್ತದೆ. ಹಳೆಯ ನೈಲಾನ್ ಕಾಲುಚೀಲದ ತುಂಬ ಅದರ ಹರಳು ತುಂಬಿ, ಬಾಯಿ ಕಟ್ಟಿ, ಐಸ್ ಒಡ್ಡಿಗೆ ಅಡ್ಡವಾಗಿ ಇಡುವುದು. ಕೆಳತುದಿ ಸೂರಂಚಿನ ಆಚೆ ಇರಬೇಕು, ಮೇಲ್ತುದಿ ನೀರು ನಿಂತ ಜಾಗ ಮುಟ್ಟಬೇಕು. ಅದು ಮೆಲ್ಲನೆ ಐಸ್ ಕೊರೆದು ಕಾಲುವೆ ಮಾಡುತ್ತದೆ, ನಿಂತ ನೀರು ಹರಿದುಹೋಗುತ್ತದೆ. ಇಡೀ ಒಡ್ಡು ಕರಗಬೇಕಿಲ್ಲ, ನೀರಿಗೆ ದಾರಿಯಾದರೆ ಆಯಿತು. ಕಲ್ಲುಪ್ಪು ಮಾತ್ರ ಬೇಡವೇ ಬೇಡ. ಅದು ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಕೆಳಗಿನ ಗಿಡಗಳನ್ನು ಸಾಯಿಸುತ್ತದೆ, ಜಾಸ್ತಿ ಚಳಿಯಲ್ಲಿ ಕೆಲಸವನ್ನೂ ಮಾಡುವುದಿಲ್ಲ.

ಕೊಡಲಿ, ಸುತ್ತಿಗೆ, ಬೆಂಕಿಯ ಟಾರ್ಚ್ ಇವುಗಳ ಸುದ್ದಿಗೇ ಹೋಗಬೇಡಿ. ಚಳಿಯಲ್ಲಿ ಶಿಂಗಲ್ ಬಿರುಸಾಗಿರುತ್ತದೆ, ಒಂದೇಟಿಗೆ ಒಡೆಯುತ್ತದೆ. ಐಸ್ ಹತ್ತಿದ ಛಾವಣಿ ಏರುವುದಂತೂ ಪ್ರಾಣದ ಜೊತೆ ಆಟ. ಒಡ್ಡು ದೊಡ್ಡದಾಗಿ ನೀರು ಜೋರಾಗಿ ಬರುತ್ತಿದ್ದರೆ ಕಡಿಮೆ ಒತ್ತಡದ ಹಬೆಯಿಂದ ಐಸ್ ತೆಗೆಯುವ ಅನುಭವಿಗಳನ್ನು ಕರೆಸಿ. ಹಬೆ ಅಂತ ಹೇಳಿ ಹೈ ಪ್ರೆಶರ್ ನೀರು ಹೊಡೆಯುವವರೂ ಇದ್ದಾರೆ. ಅದು ಶಿಂಗಲ್ ಮೇಲಿನ ಹರಳುಗಳನ್ನು ಕಿತ್ತುಹಾಕುತ್ತದೆ. ಒಪ್ಪಿಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ.

ಇದು ನಿಜವಾಗಿಯೂ ಐಸ್ ಡ್ಯಾಮ್ ಸೋರಿಕೆಯೇ?

ಚಳಿಗಾಲದಲ್ಲಿ ಕಂಡ ಪ್ರತಿ ಕಲೆಯೂ ಐಸ್ ಡ್ಯಾಮ್‌ನಿಂದ ಬಂದದ್ದಲ್ಲ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಮಳೆಗಾಲದಲ್ಲೂ ಇದೇ ಜಾಗ ಸೋರುತ್ತದಾ? ಹೌದಾದರೆ ಚಿಮಣಿ, ಸ್ಕೈಲೈಟ್ ಅಥವಾ ಗೋಡೆ ಸೇರುವಲ್ಲಿನ ತಗಡಿನ ಪಟ್ಟಿ ಸಡಿಲವಾಗಿರಬೇಕು. ಅದು ಛಾವಣಿಯದೇ ದೋಷ, ಅಟ್ಟ ಹುಡುಕಿ ಫಲವಿಲ್ಲ.

ಹಲವು ದಿನ ಕಡುಚಳಿ ಇದ್ದು, ಬಿಸಿಲೇರಿದ ಮೊದಲ ದಿನ ಸೀಲಿಂಗ್‌ನಲ್ಲಿ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ತೇವ ಕಂಡರೆ ಅದು ಅಟ್ಟದೊಳಗೆ ಹೆಪ್ಪುಗಟ್ಟಿದ್ದ ಇಬ್ಬನಿ. ಮನೆಯ ತೇವದ ಗಾಳಿ ಅಟ್ಟಕ್ಕೆ ಹೋಗಿ, ಹಲಗೆಯಿಂದ ಇಣುಕಿದ ಮೊಳೆಗಳ ತುದಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಿಸಿಯಾದಾಗ ಎಲ್ಲ ಒಟ್ಟಿಗೆ ಕರಗಿ ಉದುರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಮೊಳೆಗಳು ಹೊಳೆಯುವುದು ಕಾಣಿಸುತ್ತದೆ. ಇದರ ಮೂಲವೂ ಅದೇ ಗಾಳಿ ಸೋರಿಕೆ, ಹಾಗಾಗಿ ಮುಂದೆ ಹೇಳುವ ರಿಪೇರಿ ಇದಕ್ಕೂ ಸಲ್ಲುತ್ತದೆ.

ಹವಾಮಾನ ಏನೇ ಇರಲಿ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ನೀರಿನ ಪೈಪ್ ನೋಡಿ. ಹಿಮ ಬಿದ್ದ ಕೆಲವು ದಿನಗಳ ಮೇಲೆ, ಹೊರಗೋಡೆಯ ಸಾಲಿನಲ್ಲೇ, ಚಳಿ ಇರುವಾಗಲೇ ಸೋರಿದರೆ ಅದು ಐಸ್ ಡ್ಯಾಮ್.

ಐಸ್ ಕೋಲುಗಳ ಬಗ್ಗೆ ಒಂದು ಮಾತು. ಬಿಸಿಲು ಬೀಳುವ ಬದಿಯಲ್ಲಿ ನಾಲ್ಕು ಕೋಲು ಇಳಿದಿದ್ದರೆ ಗಾಬರಿ ಬೇಡ. ಬಿಸಿಲಿಗೆ ಕರಗಿದ ನೀರು ಸೂರಂಚಿನ ನೀರುದೋಣಿಯಾದ ಗಟರ್‌ನಲ್ಲಿ ಹೆಪ್ಪುಗಟ್ಟಿದ್ದು ಅದು. ಬಿಸಿಲೇ ಬೀಳದ ಬದಿಯಲ್ಲಿ ದಪ್ಪ ಕೋಲುಗಳಿದ್ದರೆ ಬಿಸಿ ಒಳಗಿನಿಂದಲೇ ಬಂದಿರಬೇಕು. ಸೂರಿನ ಅಡಿಯ ಹಲಗೆಯ ಸಂದಿನಿಂದ ಅಥವಾ ಗೋಡೆಯ ಮೇಲಿಂದಲೇ ಐಸ್ ಇಳಿದಿದ್ದರೆ ನೀರು ಆಗಲೇ ಗೋಡೆಯೊಳಗೆ ಸೇರಿದೆ, ಕಾಯುವ ಹಾಗಿಲ್ಲ. ಗಟರ್‌ನಿಂದಲೇ ಐಸ್ ಡ್ಯಾಮ್ ಆಗುತ್ತದೆ ಅನ್ನುವ ನಂಬಿಕೆ ಬಹಳ ಹರಡಿದೆ. ಗಟರ್ ಇಲ್ಲದ ಮನೆಗಳಲ್ಲೂ ಐಸ್ ಡ್ಯಾಮ್ ಆಗುತ್ತದೆ. ಎಲೆ ತೆಗೆದು ಸ್ವಚ್ಛ ಮಾಡುವುದು ಒಳ್ಳೆಯದೇ, ಆದರೆ ಅದರಿಂದ ಈ ದೋಷ ಹೋಗುವುದಿಲ್ಲ.

ಹೊರಗೆ ನಿಂತು ಛಾವಣಿ ನೋಡಿ

ಹಿಮ ನಿಂತ ಮರುದಿನ ಬೆಳಗ್ಗೆ, ಬಿಸಿಲು ತಾಗುವ ಮೊದಲು, ರಸ್ತೆಯ ಆಚೆ ನಿಂತು ಛಾವಣಿಯನ್ನು ನಿಧಾನವಾಗಿ ನೋಡಿ. ಇದಕ್ಕಿಂತ ಖರ್ಚಿಲ್ಲದ, ಇದಕ್ಕಿಂತ ನಿಖರವಾದ ಪರೀಕ್ಷೆ ಇನ್ನೊಂದಿಲ್ಲ ಅನ್ನುವುದು ನನ್ನ ಅನಿಸಿಕೆ. ಫೋಟೋ ತೆಗೆದಿಡಿ.

ಬಿಸಿ ಮಾಡದ ಗ್ಯಾರೇಜ್ ಅಥವಾ ಶೆಡ್ ಇದ್ದರೆ ಅದರ ಛಾವಣಿಯೇ ನಿಮ್ಮ ಅಳತೆಗೋಲು. ಅಲ್ಲಿ ಹಿಮ ದಪ್ಪಗೆ ಕೂತಿದ್ದು, ಮನೆಯ ಮೇಲೆ ತೆಳ್ಳಗಾಗಿದ್ದರೆ ವ್ಯತ್ಯಾಸದಷ್ಟೂ ಬಿಸಿ ಮನೆಯಿಂದ ಹೋದದ್ದು. ಒಂದು ಕಡೆ ಮಾತ್ರ ದುಂಡಗೆ ಬರಿದಾಗಿದ್ದರೆ ಅದರ ನೇರ ಕೆಳಗೆ ಏನಿದೆ ಅಂತ ಲೆಕ್ಕ ಹಾಕಿ. ಸ್ನಾನದ ಮನೆಯ ಫ್ಯಾನ್ ಇರಬಹುದು, ಅಟ್ಟದ ಮುಚ್ಚಳ ಇರಬಹುದು, ಚಿಮಣಿ ಇರಬಹುದು. ನೆತ್ತಿಯ ಹತ್ತಿರ ಅಡ್ಡಪಟ್ಟಿಯಾಗಿ ಕರಗಿದ್ದರೆ ಅಟ್ಟವಿಡೀ ಬೆಚ್ಚಗಾಗಿ ಬಿಸಿ ಮೇಲೆ ಸೇರಿಕೊಂಡಿದೆ. ಎರಡು ಇಳಿಜಾರುಗಳು ಕೂಡುವ ಕಣಿವೆಯಲ್ಲಿ ಮಾತ್ರ ಐಸ್ ದಪ್ಪಗಿದ್ದರೆ ಎರಡೂ ಕಡೆಯ ನೀರು ಅಲ್ಲಿಗೇ ಬಂದು ಸೇರುತ್ತಿದೆ, ಮೂಲವನ್ನು ಮೇಲೆ ಎರಡೂ ಬದಿಯಲ್ಲಿ ಹುಡುಕಬೇಕು.

ಅಟ್ಟ ಹತ್ತಿ ನೋಡುವುದು

ಹತ್ತುವ ಮುಂಚೆ ಸುರಕ್ಷತೆ. ತೊಲೆಗಳ ಮೇಲೆ ಮಾತ್ರ ಕಾಲಿಡಿ, ನಡುವಿನ ಜಿಪ್ಸಮ್ ನಿಮ್ಮ ಭಾರ ತಡೆಯುವುದಿಲ್ಲ. ಅಗಲದ ಹಲಗೆಯೊಂದನ್ನು ಒಯ್ದು ಅದರ ಮೇಲೆ ಮಂಡಿಯೂರಿ. ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಹಳೆಯ ಮನೆಯಾಗಿದ್ದು, ಬೂದು ಅಥವಾ ಕಂದು ಬಣ್ಣದ ಹೊಳಪಿನ ಚಿಕ್ಕ ಹರಳುಗಳಂಥ ಇನ್ಸುಲೇಶನ್ ಕಂಡರೆ ಮುಟ್ಟಬೇಡಿ. ಅದು ವರ್ಮಿಕ್ಯುಲೈಟ್, ಅದರಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಪಿಂಗಾಣಿ ಗುಬ್ಬಿಗಳ ಮೇಲೆ ಎಳೆದ ಹಳೇ ಕಾಲದ ತಂತಿಗಳಿದ್ದರೆ ಎಲೆಕ್ಟ್ರಿಷಿಯನ್ ನೋಡುವ ತನಕ ಅದರ ಮೇಲೆ ಇನ್ಸುಲೇಶನ್ ಹೊದಿಸಬಾರದು, ತಂತಿ ಬಿಸಿಯಾಗಿ ಬೆಂಕಿ ಹತ್ತೀತು.

ಈಗ ಇನ್ಸುಲೇಶನ್‌ನ ಬಣ್ಣ ನೋಡಿ. ಗುಲಾಬಿಯೋ ಹಳದಿಯೋ ಇರಬೇಕಾದ ಫೈಬರ್‌ಗ್ಲಾಸ್ ಕೆಲವು ಕಡೆ ಕಪ್ಪಗಾಗಿರುತ್ತದೆ. ಸುಮಾರು ಜನ ಅದನ್ನು ಬೂಷ್ಟು ಅಂದುಕೊಳ್ಳುತ್ತಾರೆ. ಹೆಚ್ಚಾಗಿ ಅದು ಧೂಳು. ಕೆಳಗಿನ ಸಂದಿನಿಂದ ವರ್ಷಗಟ್ಟಲೆ ಗಾಳಿ ಏರಿ ಏರಿ, ಫೈಬರ್‌ಗ್ಲಾಸ್ ಅದನ್ನು ಸೋಸಿ ಧೂಳು ಹಿಡಿದುಕೊಂಡಿದೆ. ಕಪ್ಪಗಾದ ತುಂಡನ್ನು ಮೆಲ್ಲನೆ ಎತ್ತಿದರೆ ಅಡಿಯಲ್ಲೇ ತೂತು ಸಿಗುತ್ತದೆ.

ಕಪ್ಪು ಗುರುತು ಇಲ್ಲದ ಕಡೆ ಊದುಬತ್ತಿ ಸಹಾಯಕ್ಕೆ ಬರುತ್ತದೆ. ಹೊರಗೆ ಚೆನ್ನಾಗಿ ಚಳಿ ಇರುವ ದಿನ, ಸ್ನಾನದ ಮನೆ ಮತ್ತು ಅಡುಗೆಮನೆಯ ಫ್ಯಾನುಗಳನ್ನೆಲ್ಲ ಆಫ್ ಮಾಡಿ. ಫ್ಯಾನ್ ಓಡುತ್ತಿದ್ದರೆ ಗಾಳಿ ಅಟ್ಟದಿಂದ ಕೆಳಕ್ಕೆ ಎಳೆದುಕೊಂಡು ಬಂದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಕೆಳಗಿನ ಕೋಣೆಯಲ್ಲಿ ನಿಂತು ಸೀಲಿಂಗ್ ದೀಪದ ಅಂಚು, ಅಟ್ಟದ ಮುಚ್ಚಳದ ಅಂಚುಗಳ ಬಳಿ ಹೊಗೆ ಹಿಡಿಯಿರಿ. ಹೊಗೆ ಸುಮ್ನೆ ಚದುರಿದರೆ ಸರಿ. ನೂಲೆಳೆಯಂತೆ ನೇರವಾಗಿ ಸಂದಿನೊಳಗೆ ಎಳೆದುಕೊಂಡು ಹೋದರೆ ಅಲ್ಲಿ ಬಿಸಿ ಗಾಳಿ ಮೇಲೇರುತ್ತಿದೆ. ಅಟ್ಟದೊಳಗೆ, ಇನ್ಸುಲೇಶನ್ ಹತ್ತಿರ ಊದುಬತ್ತಿ ಹಚ್ಚಬೇಡಿ.

ಮುಚ್ಚಳದ ಲೆಕ್ಕವನ್ನೇ ತೆಗೆದುಕೊಳ್ಳಿ. ಎರಡು ಅಡಿಗೆ ಎರಡೂವರೆ ಅಡಿಯ ಮುಚ್ಚಳ, ಸುತ್ತಳತೆ 9 ಅಡಿ, ಅಂದರೆ 108 ಇಂಚು. ಸುತ್ತಲೂ ಇಂಚಿನ ಎಂಟನೇ ಒಂದು ಭಾಗದಷ್ಟು ಸಂದು ಇದ್ದರೆ ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಒಟ್ಟು 13.5 ಚದರ ಇಂಚು ಆಯಿತು. ಸೀಲಿಂಗ್‌ನಲ್ಲಿ ಹೆಚ್ಚುಕಡಿಮೆ ಮೂರುಮುಕ್ಕಾಲು ಇಂಚಿನ ಚೌಕದ ತೂತು ಕೊರೆದು ಚಳಿಗಾಲವಿಡೀ ತೆರೆದಿಟ್ಟರೆ ಸುಮ್ಮನಿರುತ್ತೇವಾ?

ಇನ್ನು ನೋಡಲೇಬೇಕಾದ ಜಾಗಗಳು ಯಾವುವು? ಚರಂಡಿ ಪೈಪಿನ ಗಾಳಿಕೊಳವೆ ಅಟ್ಟ ದಾಟುವಲ್ಲಿ ಕಟ್ಟುವವರು ಪೈಪಿಗಿಂತ ದೊಡ್ಡ ತೂತು ಕೊರೆದಿರುತ್ತಾರೆ. ಒಳಗೋಡೆಗಳ ನೆತ್ತಿಯಲ್ಲಿ ವಿದ್ಯುತ್ ತಂತಿ ಇಳಿಯುವ ತೂತುಗಳು, ಗೋಡೆಯ ಮರಕ್ಕೂ ಜಿಪ್ಸಮ್‌ಗೂ ನಡುವಿನ ಉದ್ದನೆಯ ಸೀಳು. ಸೀಲಿಂಗ್‌ನೊಳಗೆ ಹುದುಗಿಸಿದ ಹಳೆಯ ದೀಪಗಳ ಡಬ್ಬದಲ್ಲಿ ತೂತುಗಳೇ ತುಂಬಿರುತ್ತವೆ, ಮೇಲಾಗಿ ದೀಪವೇ ಬಿಸಿ. ಅಡುಗೆಮನೆಯ ಕಪಾಟುಗಳ ಮೇಲೆ ಸೀಲಿಂಗ್ ಇಳಿಸಿ ಕಟ್ಟಿದ ಟೊಳ್ಳು ಎಲ್ಲಕ್ಕಿಂತ ದೊಡ್ಡ ಕಳ್ಳ. ಕೆಲವು ಮನೆಗಳಲ್ಲಿ ಅದರ ಮೇಲ್ಭಾಗ ಮುಚ್ಚಿಯೇ ಇರುವುದಿಲ್ಲ, ಮೇಲೆ ಫೈಬರ್‌ಗ್ಲಾಸ್ ಹಾಸಿ ಬಿಟ್ಟಿರುತ್ತಾರೆ. ಚಿಮಣಿಯ ಸುತ್ತ ಬಿಟ್ಟ ಜಾಗ ನೆಲಮಾಳಿಗೆಯಿಂದ ಅಟ್ಟದವರೆಗೂ ಒಂದೇ ಕೊಳವೆಯಾಗಿ ಬಿಸಿ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ.

ಸ್ನಾನದ ಮನೆಯ ಫ್ಯಾನಿನ ಕೊಳವೆ ಎಲ್ಲಿ ಮುಗಿಯುತ್ತದೆ ಅಂತ ಕೈಯಿಂದ ಮುಟ್ಟಿ ನೋಡಿ. ಅಟ್ಟದಲ್ಲೇ ಬಾಯಿ ತೆರೆದು ಬಿದ್ದಿದ್ದರೆ ಬಿಸಿಯೂ ಹಬೆಯೂ ನೇರ ಛಾವಣಿ ಹಲಗೆಗೆ ಹೋಗುತ್ತಿದೆ. ಸೂರಿನ ಅಡಿಯ ಕಿಂಡಿಗೆ ತಂದು ಬಿಟ್ಟಿದ್ದರೂ ತಪ್ಪೇ, ಆ ತೇವದ ಗಾಳಿ ಪಕ್ಕದ ಕಿಂಡಿಯಿಂದ ಮತ್ತೆ ಅಟ್ಟಕ್ಕೆ ಬರುತ್ತದೆ. ಅದು ಛಾವಣಿಯ ಮೂಲಕವೋ ಪಕ್ಕದ ಗೋಡೆಯ ಮೂಲಕವೋ ಪೂರ್ತಿ ಹೊರಗೆ ಹೋಗಬೇಕು, ಅಟ್ಟದಲ್ಲಿ ಹಾದುಹೋಗುವಷ್ಟು ಉದ್ದಕ್ಕೂ ಇನ್ಸುಲೇಶನ್ ಸುತ್ತಿರಬೇಕು. ಮನೆ ಬಿಸಿ ಮಾಡುವ ಫರ್ನೇಸ್ ಕೊಳವೆಗಳು ಅಟ್ಟದಲ್ಲಿದ್ದರೆ ಅವುಗಳ ಕೀಲುಗಳೂ ಸೋರುತ್ತಿರುತ್ತವೆ. ಬಟ್ಟೆಯ ಡಕ್ಟ್ ಟೇಪ್ ವರ್ಷಗಳಲ್ಲಿ ಒಣಗಿ ಉದುರುತ್ತದೆ, ಅದಕ್ಕೆ ಮ್ಯಾಸ್ಟಿಕ್ ಪೇಸ್ಟ್ ಬಳಿಯಬೇಕು. ಫರ್ನೇಸೇ ಅಟ್ಟದಲ್ಲಿ ಕೂತಿರುವ ಮನೆ ಇದ್ದುದರಲ್ಲಿ ಕಷ್ಟದ್ದು. ಅಲ್ಲಿ ಅಟ್ಟವನ್ನೇ ಮನೆಯ ಒಳಭಾಗವಾಗಿ ಮಾಡಿ, ಇಳಿಜಾರಿಗೇ ಇನ್ಸುಲೇಶನ್ ಕೊಡುವ ದಾರಿ ಯೋಚಿಸಬೇಕಾಗಬಹುದು.

ಮುಚ್ಚುವ ಕೆಲಸ

ಸಣ್ಣ ಸೀಳುಗಳಿಗೆ ಕೋಲ್ಕ್ ಎಂಬ ಸಂದು ತುಂಬುವ ಅಂಟು, ಅರ್ಧ ಇಂಚಿಗಿಂತ ದೊಡ್ಡವಕ್ಕೆ ಡಬ್ಬಿಯ ಸ್ಪ್ರೇ ಫೋಮ್, ದೊಡ್ಡ ಟೊಳ್ಳುಗಳಿಗೆ ಪ್ಲೈವುಡ್ ಅಥವಾ ಗಟ್ಟಿ ಫೋಮ್ ಹಲಗೆ ಕತ್ತರಿಸಿ ಮುಚ್ಚಿ ಅಂಚಿಗೆ ಫೋಮ್. ಅಟ್ಟದ ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಅಂಟಿಸಿ, ಒತ್ತಿ ಹಿಡಿಯುವ ಕೊಕ್ಕೆ ಹಾಕಿ, ಮುಚ್ಚಳದ ಮೇಲೆ ಗಟ್ಟಿ ಫೋಮ್ ಹಲಗೆಗಳನ್ನು ಅಂಟಿಸಿ. ಹಳೆಯ ದೀಪಗಳನ್ನು ತೆಗೆದು ಇನ್ಸುಲೇಶನ್ ತಾಗಿದರೂ ಅಪಾಯವಿಲ್ಲದ, ಗಾಳಿ ಸೋರದ ಮಾದರಿ ಹಾಕಿಸಿ.

ಚಿಮಣಿಗೆ ಮಾತ್ರ ಬೇರೆ ನಿಯಮ. ಅದರ ಸುತ್ತ ಫೋಮ್ ಹೊಡೆಯಲೇಬಾರದು, ಮರವನ್ನು ಹತ್ತಿರ ತರಬಾರದು. ಮನೆಯೊಳಗಿನ ಇಟ್ಟಿಗೆ ಚಿಮಣಿಗೂ ಮರಕ್ಕೂ ನಡುವೆ ಕನಿಷ್ಠ 2 ಇಂಚು ಬಿಡಬೇಕೆಂದು ಉತ್ತರ ಅಮೆರಿಕದ ಕಟ್ಟಡ ನಿಯಮಗಳು ಹೇಳುತ್ತವೆ. ಆ ಜಾಗವನ್ನು ತಗಡು ಕತ್ತರಿಸಿ ಮುಚ್ಚಿ, ಹೆಚ್ಚು ಶಾಖ ತಡೆಯುವ ಸೀಲಂಟ್‌ನಿಂದ ಅಂಚು ಕಟ್ಟಬೇಕು.

ಮನೆ ಬಿಗಿಯಾದ ಮೇಲೆ ಇನ್ನೊಂದು ವಿಷಯ ಮರೆಯಬಾರದು. ಗ್ಯಾಸ್ ಅಥವಾ ಎಣ್ಣೆಯಿಂದ ಉರಿಯುವ ಹೀಟರ್ ಇದ್ದರೆ ಅದರ ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೇ ಅಂತ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ. ದಪ್ಪ ಹಿಮ ಬಿದ್ದಾಗ ಗೋಡೆಯ ಹೊಗೆಕೊಳವೆ ಮುಚ್ಚಿಹೋಗಿಲ್ಲ ಅಂತಲೂ ನೋಡಿಕೊಳ್ಳಿ, ಛಾವಣಿಯಿಂದ ಎಳೆದ ಹಿಮ ಅದರ ಬಾಯಿಗೇ ಬಿದ್ದಿರಬಹುದು.

ಆಮೇಲೆ ಇನ್ಸುಲೇಶನ್, ಆಮೇಲೆ ಗಾಳಿಯಾಟ

ಸಂದು ಮುಚ್ಚದೆ ಮೇಲೆ ಇನ್ಸುಲೇಶನ್ ಸುರಿದರೆ ಆಮೇಲೆ ಅವನ್ನು ಹುಡುಕುವುದು ಎರಡು ಪಟ್ಟು ಕೆಲಸ. ಅದಕ್ಕೇ ಈ ಸರದಿ. ಅಳತೆಪಟ್ಟಿ ಇಳಿಸಿ ಇರುವ ದಪ್ಪ ಅಳೆಯಿರಿ. ತೊಲೆಗಳ ತಲೆ ಕಾಣಿಸುತ್ತಿದ್ದರೆ ಸಾಲದು ಅಂತಲೇ ಅರ್ಥ. ಚಳಿ ಪ್ರದೇಶದ ಅಟ್ಟಕ್ಕೆ ಅಮೆರಿಕದ ನಿಯಮಗಳಲ್ಲಿ ಆರ್-49 ಇಂದ ಆರ್-60 ರವರೆಗೆ ಕೇಳುತ್ತಾರೆ. ಆರ್ ಅಂದರೆ ಬಿಸಿ ದಾಟದಂತೆ ತಡೆಯುವ ಶಕ್ತಿ. ಕಾಗದದ ಚೂರಿನಿಂದ ಮಾಡಿದ ಸೆಲ್ಯುಲೋಸ್ ಇನ್ಸುಲೇಶನ್ ಇಂಚಿಗೆ ಸುಮಾರು ಆರ್-3.6 ಕೊಡುತ್ತದೆ, ಹಾಗಾಗಿ ಆರ್-60 ಬೇಕೆಂದರೆ 16ರಿಂದ 17 ಇಂಚು ದಪ್ಪ.

ಸೂರಿನ ಮೂಲೆ ತುಂಬ ನಾಜೂಕು. ಗೋಡೆಯ ಮೇಲೆ ಛಾವಣಿ ಬಂದು ಕೂರುವಲ್ಲಿ ಜಾಗ ಕಿರಿದಾಗಿ ಇನ್ಸುಲೇಶನ್ ತೆಳ್ಳಗಾಗುತ್ತದೆ, ಛಾವಣಿ ಹಲಗೆಯೂ ಅಲ್ಲೇ ಸೀಲಿಂಗ್‌ಗೆ ಅತಿ ಹತ್ತಿರ. ಐಸ್ ಡ್ಯಾಮ್‌ನ ಸಲುವಾಗಿ ಇಡೀ ಅಟ್ಟದಲ್ಲಿ ಮುತುವರ್ಜಿ ಬೇಕಾದ ಜಾಗ ಇದು. ಇಲ್ಲಿ ಇಂಚಿಗೆ ಜಾಸ್ತಿ ತಡೆಯುವ ಗಟ್ಟಿ ಫೋಮ್ ತುಂಡುಗಳನ್ನು ಕೂರಿಸಿ. ಹಲಗೆಗೂ ಇನ್ಸುಲೇಶನ್‌ಗೂ ನಡುವೆ ಗಾಳಿ ಹರಿಯಲು ಬ್ಯಾಫಲ್ (ಗಾಳಿಗೆ ದಾರಿ ಬಿಡುವ ತೊಟ್ಟಿಯಾಕಾರದ ಹಾಳೆ) ಹೊಡೆಯಿರಿ, ಕನಿಷ್ಠ ಒಂದು ಇಂಚು ಖಾಲಿ ಇರಲಿ, ಎರಡು ಇಂಚು ಸಿಕ್ಕಿದರೆ ಇನ್ನೂ ಒಳ್ಳೆಯದು. ಜಾಗ ಇಲ್ಲ ಅಂತ ಇನ್ಸುಲೇಶನ್‌ನ್ನು ಸೂರಿನವರೆಗೆ ತುರುಕಿದರೆ ಗಾಳಿ ಬರುವ ಬಾಯಿಯೇ ಮುಚ್ಚಿಹೋಗುತ್ತದೆ. ಅಟ್ಟದಲ್ಲಿ ದೀಪ ಆರಿಸಿ ಹಗಲಿನಲ್ಲಿ ಸೂರಿನ ಕಡೆ ನೋಡಿ, ಕಿಂಡಿಗಳಿಂದ ಬೆಳಕು ಕಾಣಿಸಬೇಕು.

ಗಾಳಿಯಾಟಕ್ಕೆ ರೂಢಿಯ ಲೆಕ್ಕ 300ಕ್ಕೆ 1. ಅಟ್ಟ 1200 ಚದರ ಅಡಿ ಇದ್ದರೆ 4 ಚದರ ಅಡಿ ತೆರೆದ ಕಿಂಡಿ ಬೇಕು, ಹೆಚ್ಚುಕಡಿಮೆ ಅರ್ಧ ಸೂರಿನಲ್ಲಿ, ಅರ್ಧ ನೆತ್ತಿಯಲ್ಲಿ. ಜಾಲರಿ ಅಡ್ಡ ಬರುವುದರಿಂದ ಕಿಂಡಿಯ ಹೊರ ಅಳತೆ ನಂಬಬೇಡಿ, ಮೇಲೆ ಬರೆದಿರುವ ನಿವ್ವಳ ಅಳತೆ ನೋಡಿ. ಒಂದು ಎಚ್ಚರಿಕೆ: ಸಂದು ಮುಚ್ಚದೆ ನೆತ್ತಿಯ ಕಿಂಡಿ ಮಾತ್ರ ಹೆಚ್ಚಿಸಿದರೆ, ಅಥವಾ ಅಟ್ಟಕ್ಕೆ ವಿದ್ಯುತ್ ಫ್ಯಾನ್ ಹಾಕಿಸಿದರೆ, ಅದು ಮನೆಯ ಬಿಸಿ ಗಾಳಿಯನ್ನೇ ಇನ್ನಷ್ಟು ಎಳೆಯುತ್ತದೆ. ರೋಗ ಉಲ್ಬಣಿಸುತ್ತದೆ.

ಅಟ್ಟವೇ ಇಲ್ಲದ ಇಳಿಜಾರು ಸೀಲಿಂಗ್‌ನ ಮನೆಗಳಲ್ಲಿ ಕೈ ಹಾಕಲು ಜಾಗ ಇರುವುದಿಲ್ಲ. ಹಿಮದ ಮೇಲೆ ರಾಫ್ಟರ್ (ಛಾವಣಿ ಹೊರುವ ಇಳಿಜಾರು ಮರ) ಸಾಲಿನಲ್ಲೇ ಗೆರೆಗೆರೆಯಾಗಿ ಕರಗಿದ್ದರೆ ಮರದ ಮೂಲಕವೇ ಬಿಸಿ ಹೋಗುತ್ತಿದೆ. ಇದಕ್ಕೆ ಸರಿಯಾದ ಪರಿಹಾರ ಛಾವಣಿ ಬದಲಿಸುವಾಗ ಹಲಗೆಯ ಮೇಲೆ ಗಟ್ಟಿ ಫೋಮ್ ಪದರ ಹಾಕಿಸುವುದು. ಮಾಳಿಗೆಯ ಕೋಣೆಯ ಪಕ್ಕ ಮೊಣಕಾಲೆತ್ತರದ ಗೋಡೆ ಇದ್ದರೆ ಅದರ ಹಿಂದಿನ ಕತ್ತಲೆ ಜಾಗವನ್ನು ತಪ್ಪದೆ ನೋಡಿ. ಕೋಣೆಯ ನೆಲದ ತೊಲೆಗಳ ನಡುವಿನ ಟೊಳ್ಳು ಆ ಜಾಗಕ್ಕೆ ಬಾಯಿ ತೆರೆದಿರುತ್ತದೆ, ಅಲ್ಲಿಂದ ಬಿಸಿ ನೇರ ಸೂರಿಗೆ.

ಹೀಟ್ ಕೇಬಲ್ ಮತ್ತು ಅಂಟುಹಾಳೆ

ಸೂರಿನ ಮೇಲೆ ಅಂಕುಡೊಂಕಾಗಿ ಹಾಕುವ ಹೀಟ್ ಕೇಬಲ್ ಐಸ್‌ನಲ್ಲಿ ನೀರಿಗೆ ದಾರಿ ಕೊರೆಯುತ್ತದೆ. ಐಸ್ ಆಗುವುದನ್ನು ನಿಲ್ಲಿಸುವುದಿಲ್ಲ. ಕಣಿವೆ, ಡಾರ್ಮರ್ (ಛಾವಣಿಯಿಂದ ಹೊರಚಾಚಿದ ಕಿಟಕಿ) ಇರುವ, ಬೇರೇನೂ ಮಾಡಲಾಗದ ಮೂಲೆಗೆ ಇದು ಸರಿ. ಇಡೀ ಮನೆಗೆ ಇದನ್ನೇ ಪರಿಹಾರ ಅಂದುಕೊಂಡರೆ ಬಿಸಿ ಸೋರಿಕೆಯ ಖರ್ಚಿನ ಮೇಲೆ ವಿದ್ಯುತ್ ಖರ್ಚೂ ಸೇರುತ್ತದೆ. ಹಾಕಿಸುವುದಾದರೆ ನೆಲಕ್ಕೆ ವಿದ್ಯುತ್ ಸೋರಿದರೆ ತಾನೇ ಆಫ್ ಆಗುವ ಬ್ರೇಕರ್ ಮೂಲಕವೇ ವಿದ್ಯುತ್ ಕೊಡಿ.

ಶಿಂಗಲ್ ಬದಲಿಸುವ ಕಾಲ ಬಂದಾಗ ಸೂರಿನಿಂದ ಮೇಲಕ್ಕೆ ಅಂಟುವ ಡಾಂಬರು ಹಾಳೆ ಹಾಕಿಸಿ. ಅದು ಹೊರಗೋಡೆಯ ಒಳಗೆರೆ ದಾಟಿ ಕನಿಷ್ಠ 24 ಇಂಚು ಒಳಗೆ ಬರಬೇಕೆಂಬುದು ಅಮೆರಿಕದ ವಸತಿ ಕಟ್ಟಡ ನಿಯಮ. ಸೂರು ಒಂದೂವರೆ ಅಡಿ ಚಾಚಿದ್ದರೆ, ಗೋಡೆಯ ದಪ್ಪ ಬಿಟ್ಟರೂ ಅಡ್ಡಳತೆಯಲ್ಲೇ ಮೂರೂವರೆ ಅಡಿ ಆಯಿತು, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಹಾಳೆಯ ಸುರುಳಿ ಸಾಮಾನ್ಯವಾಗಿ 3 ಅಡಿ ಅಗಲ. ಒಂದೇ ಸಾಲು ಹಾಕಿ ಮುಗಿಸುತ್ತೇವೆ ಅಂದವರಿಗೆ ಈ ಲೆಕ್ಕ ತೋರಿಸಿ ಎರಡನೇ ಸಾಲು ಹಾಕಿಸಿಕೊಳ್ಳಿ. ನೀರು ನಿಂತರೂ ಒಳಗೆ ಬರದಂತೆ ಈ ಹಾಳೆ ಕಾಯುತ್ತದೆ, ಆದರೆ ಅದು ಎರಡನೇ ಕಾವಲು.

ಸರಿಯಾಯಿತಾ ಅಂತ ತಿಳಿಯುವುದು

ಎರಡು ತುದಿ ಇರುವ ಸಾದಾ ಡಿಜಿಟಲ್ ಥರ್ಮಾಮೀಟರ್ ತನ್ನಿ. ಒಂದು ತುದಿ ಅಟ್ಟದಲ್ಲಿ, ನೆತ್ತಿಯ ಹತ್ತಿರ. ಇನ್ನೊಂದು ಹೊರಗೆ, ಬಿಸಿಲು ಬೀಳದ ಕಡೆ. ಬೆಳಗಿನ ಜಾವ ಎರಡನ್ನೂ ಬರೆದಿಡಿ. ಹೊರಗೆ ಮೈನಸ್ 5.5ರ ಆಸುಪಾಸಿನಲ್ಲಿದ್ದಾಗ ಅಟ್ಟ ಮೈನಸ್ 1ಕ್ಕಿಂತ ತಣ್ಣಗಿದ್ದರೆ ಕೆಲಸ ಸರಿಯಾಗಿದೆ. ಅಟ್ಟ ಇನ್ನೂ 4-5 ಡಿಗ್ರಿ ತೋರಿಸುತ್ತಿದ್ದರೆ ದೊಡ್ಡ ತೂತೊಂದು ಉಳಿದಿದೆ. ಮುಂದಿನ ಹಿಮ ಬಿದ್ದ ಬೆಳಗ್ಗೆ ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ, ಉಳಿದ ತೂತು ಯಾವ ಕಡೆ ಅಂತ ಅದೇ ಹೇಳುತ್ತದೆ.

ಅಷ್ಟಾದರೂ ಸಿಗದಿದ್ದರೆ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿ. ಹೊರಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆಯೊಳಗಿನ ಗಾಳಿಯ ಒತ್ತಡವನ್ನು 50 ಪ್ಯಾಸ್ಕಲ್‌ನಷ್ಟು ಇಳಿಸುತ್ತಾರೆ. ಆಗ ಅಟ್ಟದ ತಣ್ಣನೆ ಗಾಳಿ ಎಲ್ಲ ಸಂದುಗಳಿಂದ ಕೆಳಗೆ ನುಗ್ಗುತ್ತದೆ, ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ಸೀಲಿಂಗ್ ಮೇಲೆ ಕಪ್ಪು ಗೆರೆಗಳಾಗಿ ಕಾಣುತ್ತದೆ. ಒಳಗೂ ಹೊರಗೂ ಕನಿಷ್ಠ 10 ಡಿಗ್ರಿ ವ್ಯತ್ಯಾಸ ಇರುವ ದಿನವೇ ಕರೆಸಿ, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಪರೀಕ್ಷೆ ನಡೆಯುವಾಗ ಜೊತೆಗೇ ಓಡಾಡಿ, ಕಂಡ ಪ್ರತಿ ಗೆರೆಯ ಪಕ್ಕ ಸೀಲಿಂಗ್ ಮೇಲೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಮರುದಿನ ಅಟ್ಟ ಹತ್ತಿದಾಗ ಎಲ್ಲಿ ಅಗೆಯಬೇಕು ಅನ್ನುವುದು ಆಗ ಗೊತ್ತಿರುತ್ತದೆ.